ಒಂದೂವರೆ ಕೆಜಿಯ ಕೂಸು: ಪೆಟ್ಟಿಗೆಯಿಂದ ಮನೆವರೆಗೆ

"ಮಗುನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ." ಹೆರಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಊರಿಗೆ ಫೋನ್ ಮಾಡುವವರ ಬಾಯಲ್ಲಿ ಈ ಮಾತು ಆಗಾಗ ಕೇಳಿಸುತ್ತದೆ. ಪೆಟ್ಟಿಗೆ ಅಂದರೆ ಕೂಸನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್. ಆ ಕಡೆಯಿಂದ ಬರುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ತೂಕ ಎಷ್ಟಂತೆ?" ಒಂದೂವರೆ ಕೆಜಿ ಅಂದ ಕೂಡಲೇ ಎರಡೂ ಕಡೆ ಮಾತು ನಿಲ್ಲುತ್ತದೆ.

ಹುಟ್ಟಿದಾಗ ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ ವೈದ್ಯರ ಲೆಕ್ಕದಲ್ಲಿ ಅದು ಕಡಿಮೆ ತೂಕದ ಮಗು. ಇವರಲ್ಲಿ ಎರಡು ಬಗೆ. ಕೆಲವರು 37 ವಾರ ತುಂಬುವ ಮೊದಲೇ ಹುಟ್ಟಿದವರು. ಇನ್ನು ಕೆಲವರಿಗೆ ದಿನ ತುಂಬಿರುತ್ತದೆ, ಆದರೆ ಹೊಟ್ಟೆಯೊಳಗೆ ಸರಿಯಾಗಿ ಬೆಳೆದಿರುವುದಿಲ್ಲ. ತಕ್ಕಡಿಯ ಮೇಲೆ ಇಬ್ಬರೂ ಒಂದೇ ತೂಕ ತೋರಿಸಬಹುದು. ಆದರೆ 32 ವಾರಕ್ಕೆ ಹುಟ್ಟಿದ ಒಂದೂವರೆ ಕೆಜಿಗೂ 38 ವಾರಕ್ಕೆ ಹುಟ್ಟಿದ ಒಂದೂವರೆ ಕೆಜಿಗೂ ತುಂಬಾ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಚೀಪಿ, ನುಂಗಿ, ಉಸಿರಾಡುವುದನ್ನು ಒಟ್ಟಿಗೆ ಮಾಡಲು ಇನ್ನೂ ಬರುವುದಿಲ್ಲ. ಎರಡನೆಯದು ಎದೆಗೆ ಹಾಕಿದರೆ ಚೀಪಬಲ್ಲದು. ಹಾಗಾಗಿ ಸಿಸ್ಟರ್ ಮೊದಲು ಕೇಳುವುದು ತೂಕವನ್ನಲ್ಲ, "ಎಷ್ಟು ವಾರ?" ಅಂತ. ತಾಯಿ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಳ್ಳಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗೆಂದೇ ಇರುವ ವಾರ್ಡಿಗೆ ಎಸ್‌ಎನ್‌ಸಿಯು ಎನ್ನುತ್ತಾರೆ. ಗಾಜಿನ ಬಾಗಿಲಾಚೆ ಯಂತ್ರಗಳ ಬೀಪ್ ಬೀಪ್ ಸದ್ದು, ಕೈ ಬೆರಳಷ್ಟು ತೆಳ್ಳಗಿನ ಕಾಲು, ಮೂಗಿಗೊಂದು ನಳಿಕೆ. ನೋಡಿದವರಿಗೆ, ಇದೆಲ್ಲ ನಮ್ಮ ಕೈ ಮೀರಿದ್ದು ಅನ್ನಿಸಿಬಿಡುತ್ತದೆ. ತೀರಾ ಚಿಕ್ಕ ಕೂಸಿಗೆ, ಉಸಿರಾಟದ ತೊಂದರೆ ಇರುವ ಕೂಸಿಗೆ ಯಂತ್ರ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಹೆಚ್ಚಿನ ಮಕ್ಕಳಿಗೆ ಅಲ್ಲಿ ನಡೆಯುವ ಆರೈಕೆಯ ತಿರುಳು ನಾಲ್ಕೇ: ಬೆಚ್ಚಗಿಡುವುದು, ಹಾಲು ಸೇರಿಸುವುದು, ಸೋಂಕು ತಗುಲದಂತೆ ನೋಡಿಕೊಳ್ಳುವುದು, ಕಣ್ಣಿಟ್ಟು ಗಮನಿಸುವುದು. ನಾಲ್ಕನ್ನೂ ಅಮ್ಮ ಕಲಿಯಬಹುದು, ಅಪ್ಪನೂ ಕಲಿಯಬಹುದು. ಒಳ್ಳೆಯ ಸಿಸ್ಟರ್ ಮೊದಲ ದಿನದಿಂದಲೇ ಕಲಿಸಲು ಶುರು ಮಾಡುತ್ತಾರೆ. ಡಿಸ್ಚಾರ್ಜ್ ದಿನ ಬಾಗಿಲಲ್ಲಿ ನಿಲ್ಲಿಸಿ ಐದು ನಿಮಿಷ ಹೇಳಿ ಕಳಿಸಿದರೆ ಅದು ಕಲಿಸಿದಂತಾಗುವುದಿಲ್ಲ.

ಮೊದಲ ಶತ್ರು ಚಳಿ

ಬೇಸಿಗೆಯಲ್ಲಿ ಕಲಬುರಗಿಯ ಮಗುವಿಗೂ ಚಳಿಯಾಗಬಹುದು ಅಂದರೆ ಯಾರೂ ನಂಬುವುದಿಲ್ಲ. ಆದರೆ ಆಗುತ್ತದೆ. ಹೊಟ್ಟೆಯೊಳಗೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದ ಕೂಸು ಒದ್ದೆ ಮೈಯಲ್ಲಿ ಹೊರಗೆ ಬರುತ್ತದೆ. ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ಲೋಟದ ಕಾಫಿ ಪಾತ್ರೆಯ ಕಾಫಿಗಿಂತ ಬೇಗ ಆರುತ್ತದಲ್ವಾ, ಇಲ್ಲೂ ಹಾಗೇ. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ, ಶಾಖ ಸೋರುವ ದಾರಿ ಜಾಸ್ತಿ. ತಲೆ ದೊಡ್ಡದು, ಅಲ್ಲಿಂದಲೂ ಶಾಖ ಹೋಗುತ್ತದೆ. ನಮಗೆ ಚಳಿಯಾದರೆ ನಡುಗಿ ಮೈ ಬಿಸಿ ಮಾಡಿಕೊಳ್ಳುತ್ತೇವೆ, ಹಸುಗೂಸಿಗೆ ಆ ಉಪಾಯ ಗೊತ್ತಿಲ್ಲ. ಅದರ ಬದಲು ಬೆನ್ನು, ಕತ್ತಿನ ಸುತ್ತ ಇರುವ ಕಂದು ಬಣ್ಣದ ವಿಶೇಷ ಕೊಬ್ಬನ್ನು ಸುಟ್ಟು ಶಾಖ ಮಾಡಿಕೊಳ್ಳುತ್ತದೆ. ಈ ಕೊಬ್ಬು ಹೆಚ್ಚಾಗಿ ಕೂಡಿಕೊಳ್ಳುವುದು ಕೊನೆಯ ವಾರಗಳಲ್ಲಿ. ಬೇಗ ಹುಟ್ಟಿದವರಿಗೆ ಅದೂ ಇಲ್ಲ.

ಮೈ ತಣ್ಣಗಾದರೆ ಏನಾಗುತ್ತದೆ? ಶಾಖ ಹುಟ್ಟಿಸಲು ಕೂಸು ತನ್ನಲ್ಲಿರುವ ಅಷ್ಟಿಷ್ಟು ಸಕ್ಕರೆಯನ್ನು, ಆಮ್ಲಜನಕವನ್ನು ಖರ್ಚು ಮಾಡುತ್ತದೆ. ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಸಕ್ಕರೆ ಇಳಿದರೆ ಮಂಕಾಗಿ ಮಲಗುತ್ತದೆ, ಚೀಪುವುದಿಲ್ಲ. ಚೀಪದಿದ್ದರೆ ಸಕ್ಕರೆ ಇನ್ನೂ ಇಳಿಯುತ್ತದೆ. ಉಸಿರಾಟ ಏರುಪೇರಾಗುತ್ತದೆ. ಒಂದಕ್ಕೊಂದು ಕೊಂಡಿ. "ಪಾಪ, ಎಷ್ಟು ಸುಮ್ನೆ ಮಲಗಿದೆ, ಹಟವೇ ಇಲ್ಲ" ಎಂದು ಮನೆಯವರು ಹೊಗಳುತ್ತಿರುವ ಕೂಸು ಕೆಲವೊಮ್ಮೆ ಚಳಿಗೆ ಮಂಕಾಗಿರುತ್ತದೆ. ಚಿಕ್ಕ ಕೂಸಿನ ವಿಷಯದಲ್ಲಿ ಜಾಸ್ತಿ ಅಳುವುದಕ್ಕಿಂತ ಅಳದೇ ಇರುವುದಕ್ಕೇ ನಾನು ಹೆಚ್ಚು ಹೆದರುತ್ತೇನೆ.

ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 36.5ರಿಂದ 37.5 ಡಿಗ್ರಿ ಇರಬೇಕು. ಥರ್ಮಾಮೀಟರ್ ಇಲ್ಲದ ಮನೆಗೂ ಒಂದು ದಾರಿ ಇದೆ, ವಾರ್ಡಿನಲ್ಲಿ ಎಲ್ಲ ಅಮ್ಮಂದಿರಿಗೂ ಇದನ್ನು ಮಾಡಿಸಿ ತೋರಿಸುತ್ತಾರೆ. ನಿಮ್ಮ ಕೈ ಬೆಚ್ಚಗಿರಲಿ. ಅಂಗೈ ಬೇಡ, ಬೆರಳುಗಳ ಹಿಂಬದಿಯಿಂದ ಮೊದಲು ಮಗುವಿನ ಹೊಟ್ಟೆ ಮುಟ್ಟಿ, ಆಮೇಲೆ ಅಂಗಾಲು. ಎರಡೂ ಬೆಚ್ಚಗಿದ್ದು ಅಂಗಾಲು ಗುಲಾಬಿ ಬಣ್ಣಕ್ಕಿದ್ದರೆ ಸರಿ ಇದೆ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಚಳಿ ಶುರುವಾಗಿದೆ ಅಂತ ಅರ್ಥ, ತಕ್ಷಣ ಎದೆಗೆ ಹಾಕಿಕೊಳ್ಳಿ. ಎರಡೂ ತಣ್ಣಗಿದ್ದರೆ ಅದು ಅಪಾಯ. ಎದೆಗೆ ಹಾಕಿಕೊಂಡೇ ಆಸ್ಪತ್ರೆಗೆ ಹೊರಡಿ.

ಸ್ನಾನದ ವಿಷಯಕ್ಕೆ ಮನೆಮನೆಯಲ್ಲಿ ಜಗಳ. ನಮ್ಮಲ್ಲಿ ಬಾಣಂತನ ಎಂದರೆ ಎಣ್ಣೆ, ನೀರು, ಸಾಂಬ್ರಾಣಿ ಹೊಗೆ. ಹಂಡೆ ನೀರು ಕಾಯಿಸಿ, ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ ಎರೆಯುವ ಅಜ್ಜಿಯ ಕೈಚಳಕವನ್ನು ನಾನು ಕಡೆಗಣಿಸುವುದಿಲ್ಲ. ಮೂರು ಕೆಜಿಯ ಗಟ್ಟಿ ಮಗುವಿಗೆ ಅದು ಹೇಗೋ ನಡೆಯುತ್ತದೆ. ಒಂದೂವರೆ ಕೆಜಿಗೆ ಆಗದು. ಇಂಥ ಕೂಸಿಗೆ ಹೊಕ್ಕಳಬಳ್ಳಿ ಬಿದ್ದು, ತೂಕ ಚೆನ್ನಾಗಿ ಏರಿ, ಆಸ್ಪತ್ರೆಯವರು ಸರಿ ಎನ್ನುವವರೆಗೆ ನೀರು ಹಾಕುವುದು ಬೇಡ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒಂದೊಂದೇ ಭಾಗ ಒರೆಸಿ, ಆಗಲೇ ಒಣಗಿಸಿದರೆ ಸಾಕು. ಕೊಬ್ಬರಿ ಎಣ್ಣೆಯನ್ನು ಮೆಲ್ಲಗೆ ಸವರಬಹುದು. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ, ಮೂಗಿಗೆ ಬಿಟ್ಟದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಹೊಕ್ಕಳಿಗೆ ಅರಿಶಿನ, ಬೂದಿ, ಎಣ್ಣೆ ಏನೂ ಬೇಡ, ಒಣಗಿದ್ದರೆ ಸಾಕು. ಮುಚ್ಚಿದ ಕೋಣೆಯಲ್ಲಿ ಕೆಂಡ, ಹೊಗೆ ಖಂಡಿತ ಬೇಡ. ಬೆಚ್ಚಗಿರಲಿ ಎಂದು ಇಟ್ಟ ಕೆಂಡವೇ ಉಸಿರು ಕಟ್ಟಿಸುತ್ತದೆ, ಅಮ್ಮನಿಗೂ.

ಅಮ್ಮನ ಎದೆಯೇ ಪೆಟ್ಟಿಗೆ

1978ರ ಹೊತ್ತಿಗೆ ಕೊಲಂಬಿಯಾ ದೇಶದ ಬೊಗೋಟಾ ನಗರದ ಒಂದು ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಸಾಕಾಗುತ್ತಿರಲಿಲ್ಲ. ಒಂದೊಂದರಲ್ಲಿ ಎರಡು ಮೂರು ಕೂಸುಗಳನ್ನು ಮಲಗಿಸಬೇಕಾಗಿತ್ತು. ಒಂದರಿಂದ ಇನ್ನೊಂದಕ್ಕೆ ಸೋಂಕು ಹರಡುತ್ತಿತ್ತು, ಸಾವುಗಳು ಆಗುತ್ತಿದ್ದವು. ಅಲ್ಲಿನ ವೈದ್ಯ ಎಡ್ಗರ್ ರೇ ಸನಾಬ್ರಿಯಾ, ಆಮೇಲೆ ಹೆಕ್ಟರ್ ಮಾರ್ಟಿನೆಜ್, ಕೂಸುಗಳನ್ನು ಅಮ್ಮಂದಿರ ಬರಿ ಎದೆಗೆ ಕಟ್ಟಿ ಇರಿಸತೊಡಗಿದರು. ಕಾಂಗರೂ ತನ್ನ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುವುದರಿಂದ ಈ ವಿಧಾನಕ್ಕೆ ಕಾಂಗರೂ ಆರೈಕೆ ಎಂಬ ಹೆಸರು ಬಂತು. ಯಂತ್ರ ಇಲ್ಲದ ಬಡವರಿಗೆ ಇದು ಪರ್ಯಾಯ ಎಂದೇ ಬಹಳ ವರ್ಷ ಎಲ್ಲರೂ ಅಂದುಕೊಂಡಿದ್ದರು.

ಆ ನಂಬಿಕೆ ಅಲುಗಾಡಿದ್ದು 2021ರಲ್ಲಿ. ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ಮತ್ತು ಭಾರತದ ಐದು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ ಆಗ ಹೊರಬಂತು. ನಮ್ಮ ದೇಶದಿಂದ ಅದರಲ್ಲಿದ್ದದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. 1 ಕೆಜಿಯಿಂದ 1.8 ಕೆಜಿ ಒಳಗಿನ ಸುಮಾರು 3,200 ಕೂಸುಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮೊದಲಿನಂತೆ ಪೆಟ್ಟಿಗೆ ಅಥವಾ ಮೇಲಿನಿಂದ ಶಾಖ ಕೊಡುವ ವಾರ್ಮರ್, ಮಗು ಸುಧಾರಿಸಿದ ಮೇಲಷ್ಟೇ ಅಮ್ಮನ ಎದೆ. ಇನ್ನೊಂದು ಗುಂಪಿಗೆ ಹುಟ್ಟಿದ ಕೂಡಲೇ, ಇನ್ನೂ ಪೂರ್ತಿ ಸುಧಾರಿಸದೇ ಇದ್ದರೂ, ಅಮ್ಮನ ಎದೆ. ಈ ಗುಂಪಿನ ಕೂಸುಗಳು ಆ ಮೊದಲ ದಿನಗಳಲ್ಲಿ ದಿನಕ್ಕೆ ಸುಮಾರು 17 ಗಂಟೆ ಎದೆಯ ಮೇಲೇ ಇದ್ದವು. ಮೊದಲ ಗುಂಪಿನಲ್ಲಿ 28 ದಿನದೊಳಗೆ ತೀರಿಹೋದವರು ನೂರಕ್ಕೆ 15.7, ಎರಡನೇ ಗುಂಪಿನಲ್ಲಿ ನೂರಕ್ಕೆ 12. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ನಡುವಲ್ಲೇ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನು ಬದಲಿಸಿತು: ಬೇಗ ಹುಟ್ಟಿದ, ತೂಕ ಕಡಿಮೆಯಿರುವ ಎಲ್ಲ ಮಕ್ಕಳಿಗೂ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ, ದಿನಕ್ಕೆ 8ರಿಂದ 24 ಗಂಟೆ. ತಾನೇ ಉಸಿರಾಡಲಾಗದ ಮಗು, ರಕ್ತದ ಓಟ ಕುಸಿದು ಆಘಾತದಲ್ಲಿರುವ (ಶಾಕ್) ಮಗು, ಯಂತ್ರದ ಉಸಿರಾಟ ಬೇಕಿರುವ ಮಗು ಮಾತ್ರ ಇದಕ್ಕೆ ಹೊರತು.

ಆ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಕೂಸಿನ ವಾರ್ಡಿನೊಳಗೇ ಅಮ್ಮನ ಮಂಚವನ್ನೂ ಹಾಕಿದ್ದರು. ನಮ್ಮಲ್ಲಿ ಇವತ್ತಿಗೂ ಎಷ್ಟೋ ಕಡೆ ಬಾಣಂತಿ ಒಂದು ಮಹಡಿಯಲ್ಲಿ, ಕೂಸು ಇನ್ನೊಂದರಲ್ಲಿ. ಹೊಲಿಗೆ ಹಾಕಿಸಿಕೊಂಡ ಹೊಟ್ಟೆ ಹಿಡಿದು ಆಕೆ ಮೆಟ್ಟಿಲು ಹತ್ತಿ ಬಂದು, ಗಾಜಿನಾಚೆ ನಿಂತು ನೋಡಿ ಹೋಗಬೇಕು. ಇದನ್ನು ಸರಿಪಡಿಸಲು ಅಮ್ಮ-ಕೂಸು ಒಟ್ಟಿಗೆ ಇರುವ ವಾರ್ಡುಗಳು ಈಗ ನಿಧಾನಕ್ಕೆ ಬರುತ್ತಿವೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದ ಜೊತೆ ಸೇರಿ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಹಳ್ಳಿ ಮನೆವರೆಗೂ ಮುಟ್ಟಿಸುವ ಕೆಲಸ ಮಾಡಿದ್ದಾರೆ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯೇ ಆಗಬೇಕು ಅಂತೇನಿಲ್ಲ.

ಮಾಡುವುದು ಹೇಗೆ? ಅಮ್ಮ ಮುಂದೆ ಬಿಚ್ಚುವಂಥ ನೈಟಿ ಅಥವಾ ರವಿಕೆ ಹಾಕಿಕೊಳ್ಳಲಿ, ಒಳಗೆ ಬೇರೇನೂ ಬೇಡ. ಕೂಸಿಗೆ ಟೋಪಿ ಅಥವಾ ಕುಲಾವಿ, ಕಾಲುಚೀಲ, ಲಂಗೋಟಿ ಇಷ್ಟೇ. ಕೂಸನ್ನು ನೆಟ್ಟಗೆ ಎರಡು ಮೊಲೆಗಳ ನಡುವೆ ಇಡಬೇಕು. ಎದೆಗೆ ಎದೆ, ಚರ್ಮಕ್ಕೆ ಚರ್ಮ. ಕೈಕಾಲು ಮಡಚಿ, ತೊಡೆ ಅಗಲಿಸಿ ಕಪ್ಪೆಯ ಭಂಗಿಯಲ್ಲಿರಲಿ. ತಲೆ ಒಂದು ಪಕ್ಕಕ್ಕೆ ತಿರುಗಿರಲಿ. ಕತ್ತು ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತಿದರೆ ಉಸಿರು ಕಟ್ಟುತ್ತದೆ, ತೀರಾ ಹಿಂದಕ್ಕೆ ವಾಲಿದರೂ ಕಟ್ಟುತ್ತದೆ. ಸ್ವಲ್ಪವೇ ಮೇಲೆತ್ತಿರಬೇಕು. ಮೂಗಿನ ಹೊಳ್ಳೆ ಯಾವಾಗಲೂ ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು. ಆಮೇಲೆ ಹಳೆಯ ಮೆತ್ತನೆ ಸೀರೆಯೋ ಪಂಚೆಯೋ ಸುತ್ತಿ ಕಟ್ಟಿಕೊಳ್ಳಿ. ಬಟ್ಟೆಯ ಮೇಲಂಚು ಕೂಸಿನ ಕಿವಿಯ ಮಟ್ಟಕ್ಕಿರಲಿ. ತಾಳಿ ಸರವನ್ನು ಬೆನ್ನಿನ ಕಡೆಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ಕೂಸಿನ ಕೆನ್ನೆಗೆ ಅದರ ಗುರುತು ಮೂಡುತ್ತದೆ. ಒಮ್ಮೆ ಹಾಕಿಕೊಂಡರೆ ಒಂದು ಗಂಟೆಯಾದರೂ ಇರಲಿ. ಹತ್ತು ನಿಮಿಷಕ್ಕೊಮ್ಮೆ ತೆಗೆದು ಹಾಕಿದರೆ ಕೂಸಿಗೆ ಬೆಚ್ಚಗಿನ ಲಾಭವೂ ಇಲ್ಲ, ನಿದ್ದೆಯೂ ಇಲ್ಲ.

ಸಿಸೇರಿಯನ್ ಆದವರು ಮಾಡಬಹುದಾ? ಮಾಡಬಹುದು, ಬೆನ್ನಿಗೆ ದಿಂಬು ಕೊಟ್ಟು ಅರ್ಧ ಒರಗಿ ಕೂತರೆ ಹೊಲಿಗೆಗೆ ಭಾರ ಬೀಳುವುದಿಲ್ಲ. ನಿದ್ದೆ ಬಂದರೆ? ಹಾಗೇ ಒರಗಿದ ಭಂಗಿಯಲ್ಲಿ, ಬಟ್ಟೆ ಸರಿಯಾಗಿ ಕಟ್ಟಿಕೊಂಡು, ಪಕ್ಕದಲ್ಲಿ ಒಬ್ಬರು ನೋಡಿಕೊಳ್ಳುತ್ತಿದ್ದರೆ ಮಲಗಬಹುದು. ಚಪ್ಪಟೆ ಮಲಗುವುದು ಬೇಡ. ಅಮ್ಮ ಊಟಕ್ಕೆ, ಸ್ನಾನಕ್ಕೆ ಹೋದಾಗ? ಅಪ್ಪ ಇದ್ದಾನಲ್ಲ. ಅಂಗಿ ಬಿಚ್ಚಿ ಕೂರಲು ನಾಚಿಕೊಳ್ಳುವ ಗಂಡಸರು ಒಮ್ಮೆ ಕೂತ ಮೇಲೆ ಏಳಲು ಒಪ್ಪದೇ ಇರುವುದನ್ನು ಯಾವ ಸಿಸ್ಟರನ್ನು ಕೇಳಿದರೂ ಹೇಳುತ್ತಾರೆ. ಅಜ್ಜಿ, ಚಿಕ್ಕಮ್ಮ, ಅತ್ತೆ ಯಾರಾದರೂ ಆಗಬಹುದು. ಜ್ವರ, ಕೆಮ್ಮು, ಚರ್ಮದ ಸೋಂಕು ಇರಬಾರದು, ಬೀಡಿ ಸಿಗರೇಟು ಸೇದಿ ಬಂದಿರಬಾರದು, ಅಷ್ಟೇ.

ಎಲ್ಲಿಯವರೆಗೆ ಅಂತ ಕೇಳಿದರೆ, ಅದನ್ನು ಕೂಸೇ ಹೇಳುತ್ತದೆ. ತೂಕ ಎರಡೂವರೆ ಕೆಜಿಯ ಹತ್ತಿರ ಬಂದಾಗ ಅದಕ್ಕೆ ಸೆಕೆಯಾಗತೊಡಗುತ್ತದೆ. ಒದೆಯುತ್ತದೆ, ಕೈ ಹೊರಗೆ ಹಾಕುತ್ತದೆ, ಅಳುತ್ತದೆ. ಆಗ ಬಿಡಬಹುದು.

ಎಂಟು ಮಿಲಿ ಹಾಲಿನ ಲೆಕ್ಕ

"ಹಾಲೇ ಬರ್ತಿಲ್ಲ ಸಿಸ್ಟರ್" ಎಂದು ಅಳುವ ಬಾಣಂತಿಗೆ ಮೊದಲು ಒಂದು ಲೆಕ್ಕ ತೋರಿಸಬೇಕು. 1.6 ಕೆಜಿಯ ಕೂಸಿಗೆ ಮೊದಲ ದಿನ ಬೇಕಾದದ್ದು ಕೆಜಿಗೆ ಸುಮಾರು 60 ಮಿಲಿ. ಅಂದರೆ ಇಡೀ ದಿನಕ್ಕೆ 96 ಮಿಲಿ. ಎರಡು ಗಂಟೆಗೊಮ್ಮೆ, ದಿನಕ್ಕೆ ಹನ್ನೆರಡು ಸಲ ಕೊಟ್ಟರೆ ಒಂದು ಸಲಕ್ಕೆ 8 ಮಿಲಿ. ಎರಡು ಟೀ ಚಮಚ ಕೂಡ ಪೂರ್ತಿ ಆಗುವುದಿಲ್ಲ. ಮೊದಲ ದಿನಗಳಲ್ಲಿ ಬರುವ ಹಳದಿ ಗಿಣ್ಣುಹಾಲು ಬರುವುದೇ ಸ್ವಲ್ಪ, ಬೇಕಾಗಿರುವುದೂ ಸ್ವಲ್ಪವೇ. ಸೋಂಕಿನ ವಿರುದ್ಧ ಹೋರಾಡುವ ಅಂಶಗಳು ಅದರಲ್ಲಿ ತುಂಬಿವೆ. ಅದನ್ನು ಹಿಂಡಿ ಚೆಲ್ಲುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ದಯವಿಟ್ಟು ಚೆಲ್ಲಬೇಡಿ. ಆಮೇಲೆ ದಿನದಿಂದ ದಿನಕ್ಕೆ ಪ್ರಮಾಣ ಏರುತ್ತಾ ಕೆಜಿಗೆ 160 ಮಿಲಿ ಆಸುಪಾಸಿಗೆ ಬರುತ್ತದೆ. ಆಗಲೂ ನಮ್ಮ 1.6 ಕೆಜಿಗೆ ಒಂದು ಸಲಕ್ಕೆ 21 ಮಿಲಿ ಸಾಕು.

ಗರ್ಭದ ಲೆಕ್ಕದಲ್ಲಿ 34 ವಾರದ ಹೊತ್ತಿಗೆ ಹೆಚ್ಚಿನ ಕೂಸುಗಳು ಎದೆಯಿಂದಲೇ ಚೀಪಬಲ್ಲವು. ಅದಕ್ಕಿಂತ ಎರಡು ವಾರ ಚಿಕ್ಕವಕ್ಕೆ ಒಳಲೆಯಲ್ಲೋ ಚಮಚದಲ್ಲೋ ಕುಡಿಸಬೇಕು. ಇನ್ನೂ ಚಿಕ್ಕವಕ್ಕೆ ಮೂಗು ಅಥವಾ ಬಾಯಿಯ ನಳಿಕೆಯಿಂದ ನೇರ ಹೊಟ್ಟೆಗೆ. ಯಾವ ದಾರಿಯಾದರೂ ಒಳಗೆ ಹೋಗುವುದು ಅಮ್ಮನ ಹಾಲೇ ಆಗಿರಬೇಕು, ಅದಕ್ಕೇ ಹಾಲು ಹಿಂಡುವುದನ್ನು ಕಲಿಯಬೇಕು. ಕೈ ತೊಳೆದು, ಹೆಬ್ಬೆರಳನ್ನು ತೊಟ್ಟಿನ ಕಪ್ಪು ಭಾಗದ ಅಂಚಿನ ಮೇಲೆ, ಉಳಿದ ಬೆರಳುಗಳನ್ನು ಕೆಳಗೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ ಅದುಮಿ ಬಿಡಬೇಕು. ತೊಟ್ಟನ್ನೇ ಹಿಡಿದು ಎಳೆದರೆ ನೋವಾಗುತ್ತದೆಯೇ ಹೊರತು ಹಾಲು ಬರುವುದಿಲ್ಲ. ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು, ರಾತ್ರಿಯೂ ಬಿಡಬಾರದು. ರಾತ್ರಿ ಪೂರ್ತಿ ಬಿಟ್ಟರೆ "ಇಲ್ಲಿ ಹಾಲು ಬೇಡ" ಎಂದು ದೇಹ ತಿಳಿದುಕೊಳ್ಳುತ್ತದೆ. ಹಿಂಡುವ ಮುಂಚೆ ಸ್ವಲ್ಪ ಹೊತ್ತು ಕೂಸನ್ನು ಎದೆಗೆ ಹಾಕಿಕೊಂಡಿದ್ದರೆ ಹಾಲು ಸರಾಗವಾಗಿ ಇಳಿಯುತ್ತದೆ. ಹಿಂಡಿದ ಹಾಲನ್ನು ಕುದಿಸಿ ತೊಳೆದ ಸ್ಟೀಲ್ ಬಟ್ಟಲಲ್ಲಿ ಮುಚ್ಚಿಟ್ಟರೆ ಹೊರಗೆ ನಾಲ್ಕು ಗಂಟೆ, ಫ್ರಿಜ್‌ನ ಒಳಭಾಗದಲ್ಲಿ ಒಂದು ದಿನ ಇರುತ್ತದೆ. ಒಲೆಯ ಮೇಲೆ ಇಡಬೇಡಿ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನು ಕೂರಿಸಿ ಬೆಚ್ಚಗೆ ಮಾಡಿ.

ಒಳಲೆ ನಮ್ಮ ಹಿರಿಯರದ್ದೇ ವಸ್ತು. ಎಷ್ಟೋ ಮನೆಗಳ ಅಟ್ಟದಲ್ಲಿ ಬೆಳ್ಳಿಯದ್ದೋ ಹಿತ್ತಾಳೆಯದ್ದೋ ಬಿದ್ದಿರುತ್ತದೆ. ಕುದಿಸಿ ತೊಳೆಯಲು ಬರುವ ಸ್ಟೀಲಿನದ್ದು ಈಗ ಎಲ್ಲ ಕಡೆ ಸಿಗುತ್ತದೆ. ಬಳಸುವ ರೀತಿಯಲ್ಲಿ ಮಾತ್ರ ಒಂದು ಬದಲಾವಣೆ ಬೇಕು. ಮೊದಲೆಲ್ಲ ಕೂಸನ್ನು ಕಾಲ ಮೇಲೆ ಅಡ್ಡ ಮಲಗಿಸಿ, ಅಳುವಾಗ ಬಾಯಿಗೆ ಸುರಿಯುತ್ತಿದ್ದರು. ಹಾಗೆ ಮಾಡಿದರೆ ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ಕೂಸು ಎಚ್ಚರವಾಗಿರಬೇಕು, ತಲೆ ಎತ್ತರದಲ್ಲಿರಬೇಕು. ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ ಸ್ವಲ್ಪ ಬಾಗಿಸಿ. ನುಂಗಲಿ. ನುಂಗಿದ ಮೇಲೆ ಇನ್ನೊಂದು ಗುಟುಕು. ಹದಿನೈದು ಇಪ್ಪತ್ತು ನಿಮಿಷ ಹಿಡಿದರೆ ಹಿಡಿಯಲಿ. ಆಮೇಲೆ ಹೆಗಲ ಮೇಲೆ ಹಾಕಿ ತೇಗು ಬರಿಸಿ. ಬಾಟಲಿ ಬೇಡ. ಅದರ ನಿಪ್ಪಲ್ ಅನ್ನು ಪೂರ್ತಿ ಸ್ವಚ್ಛ ಮಾಡುವುದು ಕಷ್ಟ, ಬಾಟಲಿಯ ರೂಢಿಯಾದ ಕೂಸು ಎದೆ ಚೀಪಲು ಒಲ್ಲೆ ಎನ್ನುವುದೂ ಉಂಟು.

ಅಮ್ಮನ ಹಾಲು ನಿಜಕ್ಕೂ ಸಿಗದಿದ್ದರೆ ಇನ್ನೊಬ್ಬ ತಾಯಿ ದಾನ ಮಾಡಿದ, ಪಾಶ್ಚರೀಕರಿಸಿದ ಹಾಲು ಮುಂದಿನ ಆಯ್ಕೆ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಡಾ. ಅರ್ಮಿಡಾ ಫರ್ನಾಂಡಿಸ್ ಅವರು ಎದೆಹಾಲಿನ ಬ್ಯಾಂಕ್ ಶುರು ಮಾಡಿದ್ದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಈಗ ಇದೆ. ಹಸುವಿನ ಹಾಲು, ಸಕ್ಕರೆ ನೀರು, ಗ್ರೈಪ್ ವಾಟರ್, ತೇಯ್ದ ಬಜೆ ಯಾವುದೂ ಬೇಡ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ಯಾವ ಮಗುವಿಗೂ ಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಹಸುಗೂಸಿನ ಕರುಳಲ್ಲಿ ಬೆಳೆದು ಸ್ನಾಯುಗಳನ್ನು ಸೋಲಿಸುವ ವಿಷ ಉಂಟುಮಾಡುತ್ತದೆ. ನಾಲಿಗೆಗೆ ಜೇನು ಸವರುವ ಶಾಸ್ತ್ರವನ್ನು ಮುಂದಕ್ಕೆ ಹಾಕಿದರೆ ದೇವರು ಕೋಪ ಮಾಡಿಕೊಳ್ಳುವುದಿಲ್ಲ.

ಸಾಕಾಗುತ್ತಿದೆಯೋ ಇಲ್ಲವೋ ತಿಳಿಯುವುದು ತಕ್ಕಡಿಯಿಂದ, ಲಂಗೋಟಿಯಿಂದ. ಹಾಲು ಚೆನ್ನಾಗಿ ಇಳಿಯಲು ಶುರುವಾದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡಬೇಕು. ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ, ಗಾಬರಿ ಬೇಡ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ಅಲ್ಲಿಂದ ಮುಂದೆ ದಿನಕ್ಕೆ ಕೆಜಿಗೆ 15 ಗ್ರಾಂನಷ್ಟು ಏರಬೇಕು, ನಮ್ಮ 1.6 ಕೆಜಿಗೆ ದಿನಕ್ಕೆ 24 ಗ್ರಾಂ. ಒಂದು ದಿನ ಏರಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ವಾರದ ಲೆಕ್ಕ ನೋಡಿ.

ಕೈ ತೊಳೆಯುವ ಬಗ್ಗೆ ಎರಡೇ ಮಾತು. ವಾರ್ಡಿನ ಬಾಗಿಲಲ್ಲಿ ಉಂಗುರ, ವಾಚು ಬಿಚ್ಚಿಸಿ, ಮೊಣಕೈವರೆಗೆ ಸೋಪಿನಿಂದ ಎರಡು ನಿಮಿಷ ತೊಳೆಸುತ್ತಾರೆ. ಸೀಮಂತದ ಹಸಿರು ಬಳೆ ತೆಗೆಯಲು ಒಪ್ಪದವರಿಗೆ ಮೊಣಕೈ ಮೇಲೆ ಸರಿಸಿಕೊಳ್ಳಿ ಎನ್ನುತ್ತಾರೆ. ಮನೆಯಲ್ಲೂ ಇದೇ ನಿಯಮ ಇರಲಿ, ನೋಡಲು ಬಂದ ನೆಂಟರಿಗೂ ಸೇರಿಸಿ. ಯಾರಾದರೂ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

ಏನನ್ನು ನೋಡುತ್ತಿರಬೇಕು

ಹಸುಗೂಸಿನ ಉಸಿರಾಟ ನೋಡಿದರೆ ಯಾರಿಗಾದರೂ ಭಯವಾಗುತ್ತದೆ. ಪಟಪಟನೆ ಉಸಿರಾಡಿ ಐದು ಸೆಕೆಂಡು ನಿಲ್ಲಿಸುತ್ತದೆ, ಮತ್ತೆ ಶುರು ಮಾಡುತ್ತದೆ. ಬೇಗ ಹುಟ್ಟಿದವರಲ್ಲಿ ಇದು ಸಾಮಾನ್ಯ. ಆದರೆ ನಿಂತ ಉಸಿರು 20 ಸೆಕೆಂಡು ದಾಟಿದರೆ, ಅಥವಾ ಅಷ್ಟರೊಳಗೇ ತುಟಿ ನೀಲಿಯಾದರೆ ಅದು ಬೇರೆ ಮಾತು. ವಾರ್ಡಿನಲ್ಲಿ ಸಿಸ್ಟರ್ ತಕ್ಷಣ ಅಂಗಾಲನ್ನೋ ಬೆನ್ನನ್ನೋ ಉಜ್ಜಿ ಎಚ್ಚರಿಸುತ್ತಾರೆ. ಮನೆಯಲ್ಲಿ ಹೀಗಾದರೆ ನೀವೂ ಉಜ್ಜಿ, ಆದರೆ ಮಗು ಸರಿಹೋಯಿತು ಅಂತ ಮನೆಯಲ್ಲೇ ಉಳಿಯಬೇಡಿ.

ಉಸಿರು ಎಣಿಸಲು ಮೊಬೈಲಿನ ಗಡಿಯಾರ ಸಾಕು. ಕೂಸು ಅಳದೆ ಸುಮ್ಮನಿದ್ದಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ, ಅದರ ಉಸಿರು ಅಷ್ಟು ಸಮವಾಗಿರುವುದಿಲ್ಲ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ ಹೊರಡಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ನರಳಿದರೆ, ಮೊದಲಿನಂತೆ ಹಾಲು ಕುಡಿಯದಿದ್ದರೆ, ಫಿಟ್ಸ್ ಬಂದರೆ, ಮುಟ್ಟಿ ಎಬ್ಬಿಸಿದರೆ ಮಾತ್ರ ಅಲುಗಾಡುವಂತಿದ್ದರೆ, ಮೈ 37.5 ಡಿಗ್ರಿ ದಾಟಿದರೆ ಅಥವಾ ಬೆಚ್ಚಗೆ ಮಾಡಿದರೂ 36.5ಕ್ಕೆ ಏರದಿದ್ದರೆ, ಹೊಕ್ಕಳು ಕೆಂಪಾಗಿ ಕೀವು ಬಂದರೆ, ಬೆಳಗಾಗುವವರೆಗೆ ಕಾಯುವುದು ಬೇಡ. 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಕೂಸನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳುವ ಬದಲು ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಂಡು ಹೋಗಿ.

ಕಾಮಾಲೆ ಬಗ್ಗೆ ಬೇರೆಯಾಗಿ ಹೇಳಬೇಕು. ಮೊದಲ ವಾರ ಎಷ್ಟೋ ಕೂಸುಗಳ ಮುಖ, ಎದೆ ಹಳದಿಯಾಗುತ್ತದೆ. ಆದರೆ ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಥವಾ ಅಂಗೈ ಅಂಗಾಲಿಗೆ ಇಳಿದರೆ ತಡ ಮಾಡಬಾರದು. ಬೇಗ ಹುಟ್ಟಿದ ಕೂಸುಗಳ ಮೆದುಳಿಗೆ ಕಡಿಮೆ ಮಟ್ಟದ ಕಾಮಾಲೆಯೂ ಪೆಟ್ಟು ಕೊಡಬಲ್ಲದು. ಇದಕ್ಕೆ ಆಸ್ಪತ್ರೆಯ ನೀಲಿ ಬೆಳಕಿನ ಚಿಕಿತ್ಸೆ ಇದೆ. ಎಳೆಬಿಸಿಲಿಗೆ ಹಿಡಿಯುವುದು ಅದಕ್ಕೆ ಬದಲಿಯಲ್ಲ, ಬರಿಮೈಯಲ್ಲಿ ಬಿಸಿಲಿಗೆ ಹಿಡಿದರೆ ಕೂಸಿಗೆ ಚಳಿಯೂ ಆಗುತ್ತದೆ. ಹೊಟ್ಟೆಗೆ ಬರೆ ಹಾಕಿಸಿಕೊಂಡು ಬರುವ ಕೂಸುಗಳು ಇವತ್ತೂ ಆಸ್ಪತ್ರೆಗೆ ಬರುತ್ತವೆ. ಅದರ ಬಗ್ಗೆ ಬರೆಯಲು ಕೂತರೆ ಸಿಟ್ಟು ನೆತ್ತಿಗೇರುತ್ತದೆ, ಬಿಡಿ.

ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆ ಬರುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ. ಅವರ ಚೀಲದಲ್ಲಿ ತಕ್ಕಡಿ, ಥರ್ಮಾಮೀಟರ್ ಇರುತ್ತದೆ. ಈ ಮನೆಭೇಟಿಯ ಪದ್ಧತಿ ಬೆಳೆದದ್ದು ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ 1990ರ ದಶಕದಲ್ಲಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಯಲ್ಲೇ ಹಸುಗೂಸುಗಳ ಸಾವು ತಗ್ಗಿಸಬಹುದು ಎಂದು ತೋರಿಸಿಕೊಟ್ಟರು. 2011ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. ಆಶಾ ಅಕ್ಕ ಬಂದಾಗ "ಎಲ್ಲ ಚೆನ್ನಾಗಿದೆ" ಎಂದು ಬಾಗಿಲಲ್ಲೇ ಕಳಿಸಬೇಡಿ. ಕೂಸಿನ ಬಟ್ಟೆ ಬಿಚ್ಚಿ ತೂಕ ಮಾಡಿಸಿ, ಎದೆ ಕುಡಿಯುವುದನ್ನು ನೋಡಲು ಹೇಳಿ. ಅಮ್ಮನ ವಿಷಯವನ್ನೂ ಹೇಳಿ. ಬಾಣಂತಿಗೆ ಪಥ್ಯ ಎಂದು ನೀರು, ತರಕಾರಿ, ಬೇಳೆ ನಿಲ್ಲಿಸಿದರೆ ಆಕೆ ಹಾಲು ಉಣಿಸುವುದು ಯಾವ ಬಲದಿಂದ? ಎರಡು ವಾರ ಕಳೆದರೂ ಆಕೆಯ ಅಳು ನಿಲ್ಲದಿದ್ದರೆ, ಕೂಸನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ, ಅದೂ ಕಾಯಿಲೆಯೇ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕಣ್ಣಿನ ಪರೀಕ್ಷೆ. ಹೆಚ್ಚು ಮಂದಿ ಮರೆಯುವುದು ಇದನ್ನೇ. ಬೇಗ ಹುಟ್ಟಿದ ಕೂಸಿನ ಕಣ್ಣಿನ ಹಿಂಪರದೆಯ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದರೆ ಪರದೆಯೇ ಕಿತ್ತುಬಂದು ದೃಷ್ಟಿ ಹೋಗಬಹುದು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆಯಿದ್ದ ಎಲ್ಲ ಕೂಸುಗಳಿಗೂ 30 ದಿನ ತುಂಬುವುದರೊಳಗೆ ಪರೀಕ್ಷೆ ಆಗಬೇಕು. ತೀರಾ ಚಿಕ್ಕವಕ್ಕೆ ಎರಡು ಮೂರು ವಾರದಲ್ಲೇ. ಸಮಯಕ್ಕೆ ಸಿಕ್ಕರೆ ಲೇಸರ್‌ನಿಂದ ಕಣ್ಣು ಉಳಿಸಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ನಡೆಸುತ್ತಿರುವ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೇ ಹೋಗಿ ಕೂಸುಗಳ ಕಣ್ಣಿನ ಚಿತ್ರ ತೆಗೆದು ಕಳಿಸುತ್ತಾರೆ. ಆದರೆ ಬಾಣಂತಿ ತವರಿಗೆ ಹೋಗಿದ್ದಾಳೆ, ಮೂರು ತಿಂಗಳು ಹೊಸ್ತಿಲು ದಾಟುವಂತಿಲ್ಲ ಅಂತ ಎಷ್ಟೋ ಮನೆಯವರು ತಾರೀಖು ತಪ್ಪಿಸುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಈ ದಿನಾಂಕ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಕಿವಿಯ ಪರೀಕ್ಷೆಯ ದಿನಾಂಕವನ್ನೂ ಅದರ ಜೊತೆಗೇ ಕೇಳಿ.

ಕೊನೆಗೆ ವಯಸ್ಸಿನ ಲೆಕ್ಕ. 30 ವಾರಕ್ಕೆ ಹುಟ್ಟಿದ ಮಗು ಹತ್ತು ವಾರ ಮುಂಚೆ ಬಂದಿದೆ. ಪಕ್ಕದ ಮನೆಯ ಮಗು ನಾಲ್ಕು ತಿಂಗಳಿಗೆ ಕತ್ತು ನಿಲ್ಲಿಸಿತು, ನಮ್ಮದು ಇನ್ನೂ ಇಲ್ಲ ಎಂದು ಕೊರಗುವ ಮೊದಲು ಆ ಹತ್ತು ವಾರ ಕಳೆಯಿರಿ. ನಗುವುದು, ಕತ್ತು ನಿಲ್ಲುವುದು, ಕೂರುವುದು, ನಡೆಯುವುದು ಎಲ್ಲಕ್ಕೂ ಎರಡು ವರ್ಷದವರೆಗೆ ಹೀಗೆ ಕಳೆದು ನೋಡಬೇಕು. ಲಸಿಕೆಗೆ ಮಾತ್ರ ಈ ಲೆಕ್ಕ ಹಾಕಬೇಡಿ. "ಇನ್ನೂ ಚಿಕ್ಕದು, ತೂಕ ಬರಲಿ, ಆಮೇಲೆ ಸೂಜಿ ಹಾಕಿಸೋಣ" ಎಂದು ಮುಂದೂಡುವವರು ಬಹಳ. ಚಿಕ್ಕ ಕೂಸಿಗೇ ರಕ್ಷಣೆ ಜಾಸ್ತಿ ಬೇಕು. ಮಗು ಆರೋಗ್ಯವಾಗಿದ್ದರೆ ಆರು ವಾರದ ಲಸಿಕೆಯನ್ನು ಹುಟ್ಟಿದ ದಿನದಿಂದ ಎಣಿಸಿ ಆರನೇ ವಾರಕ್ಕೇ ಹಾಕಿಸಬೇಕು. ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಹುಟ್ಟಿದಾಗ ಆಗಿದೆಯಾ, ಕಾಯಿಲೆಯಿಂದಾಗಿ ಯಾವುದಾದರೂ ಬಾಕಿ ಇದೆಯಾ ಎಂದು ಡಿಸ್ಚಾರ್ಜ್ ದಿನವೇ ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ.